ಎರಡು ಡಯಾಲಿಸಿಸ್‌ಗಳ ನಡುವಿನ ದಿನಗಳು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯಲ್ಲಿ ಹಿಂದೆ ಮಾತಾಡಿದವರು ವಚನಗಳ ಬಗ್ಗೆ, ದಾಸರ ಪದಗಳ ಬಗ್ಗೆ, ನಮ್ಮ ಭಾಗದ ಜಾನಪದದ ಬಗ್ಗೆ ಮಾತಾಡಿದ್ದಾರೆ. ಈ ಸಲ ಆರೋಗ್ಯದ ವಿಷಯ ಇರಲಿ ಎಂದು ಸಂಘಟಕರು ಕೇಳಿದರು. ಆರೋಗ್ಯದ ಬಗ್ಗೆ ಹೇಳುವ ಅರ್ಹತೆ ನನಗಿಲ್ಲ, ಅನಾರೋಗ್ಯದ ಬಗ್ಗೆಯಾದರೆ ಹೇಳಬಲ್ಲೆ ಎಂದೆ. ನಿವೃತ್ತನಾಗುವವರೆಗೆ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು ನಾನು. ಈಗ ವಾರಕ್ಕೆ ಮೂರು ದಿನ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಮಲಗುತ್ತೇನೆ. ನೋಡಲು ಬಂದವರೆಲ್ಲ ಕೇಳುವುದು ಮಷಿನ್ ಬಗ್ಗೆ: ನೋವಾಗುತ್ತದೆಯೇ, ರಕ್ತವೆಲ್ಲ ಹೊರಗೆ ಹೋಗುತ್ತದಂತಲ್ಲ, ಕರೆಂಟು ಹೋದರೆ ಏನು ಗತಿ? ಮಷಿನ್ನಿನ ನಾಲ್ಕು ಗಂಟೆ ಹೇಗೋ ಕಳೆಯುತ್ತದೆ. ಕಷ್ಟದ ದಿನಗಳು, ಸುಖದ ದಿನಗಳು ಎರಡೂ ಇರುವುದು ಒಂದು ಡಯಾಲಿಸಿಸ್ ಮುಗಿದು ಇನ್ನೊಂದು ಶುರುವಾಗುವ ನಡುವೆ. ನನ್ನ ಮಾತು ಹೆಚ್ಚಾಗಿ ಆ ದಿನಗಳ ಮೇಲೆ.

ಆದರೂ ಮೇಷ್ಟರಾದವನು ಮೊದಲು ಸ್ವಲ್ಪ ಪಾಠ ಮಾಡದೆ ಬಿಡುವುದಿಲ್ಲ. ಸೂಕ್ಷ್ಮ ರಂಧ್ರಗಳ ಪೊರೆಯ ಒಂದು ಕಡೆ ಯೂರಿಯಾ ಇರುವ ದ್ರಾವಣ, ಇನ್ನೊಂದು ಕಡೆ ಅದಿಲ್ಲದ ನೀರು ಇಟ್ಟರೆ ಯೂರಿಯಾ ತಾನಾಗಿ ಆಚೆಗೆ ಹೋಗುತ್ತದೆ. ದೊಡ್ಡ ಕಣಗಳು ಇಲ್ಲೇ ಉಳಿಯುತ್ತವೆ. ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ ಇದನ್ನು 1861ರಲ್ಲೇ ವಿವರಿಸಿ ಡಯಾಲಿಸಿಸ್ ಎಂದು ಕರೆದಿದ್ದ. ನಮ್ಮ ಡಯಲೈಸರ್ ಎಂಬ ಕೊಳವೆಯೊಳಗೆ ಕೂದಲಿನಷ್ಟು ಸಣ್ಣ, ಟೊಳ್ಳಾದ ಸಾವಿರಾರು ಎಳೆಗಳಿವೆ. ಎಳೆಗಳ ಒಳಗೆ ರಕ್ತ, ಹೊರಗೆ ದ್ರಾವಣ, ಇಷ್ಟೇ. ಆರೋಗ್ಯವಂತನ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನೆಲ್ಲ ವಾಪಸು ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಗೆ ಬಿಡುತ್ತವೆ. ಅವು ವಾರದ 168 ಗಂಟೆಯೂ ಕೆಲಸ ಮಾಡುತ್ತವೆ. ಮಷಿನ್ ಮಾಡುವುದು 12 ಗಂಟೆ. ಪೌರಕಾರ್ಮಿಕರು ವಾರಕ್ಕೆ ಮೂರೇ ದಿನ ಬಂದರೆ ನಮ್ಮ ಬೀದಿ ಹೇಗಿರುತ್ತದೆಂದು ನಿಮಗೆ ಗೊತ್ತು. ನಮ್ಮ ಮೈಯ ಸ್ಥಿತಿಯೂ ಅದೇ.

ಗ್ರಹಾಂ ಹೇಳಿದ್ದು ಮನುಷ್ಯರ ಉಪಯೋಗಕ್ಕೆ ಬರಲು ಎಂಬತ್ತು ವರ್ಷ ಹಿಡಿಯಿತು. ಜರ್ಮನರ ವಶದಲ್ಲಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ, 1943ರಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ಯುವ ವೈದ್ಯ ಮರದ ಪಟ್ಟಿಗಳ ಪೀಪಾಯಿಗೆ ಸಾಸೇಜ್ ಕಟ್ಟುವ ಸೆಲ್ಲೋಫೇನ್ ಕೊಳವೆ ಸುತ್ತಿ ಮನುಷ್ಯರಿಗೆ ಉಪಯೋಗವಾದ ಮೊದಲ ಕೃತಕ ಮೂತ್ರಪಿಂಡ ಮಾಡಿದ. ಒಬ್ಬರ ನಂತರ ಒಬ್ಬರಂತೆ ರೋಗಿಗಳು ತೀರಿಕೊಂಡರು. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿದಳು. ನಾಜಿಗಳ ಜೊತೆ ಸೇರಿದ್ದವಳೆಂದು ಊರವರು ಅವಳನ್ನು ದ್ವೇಷಿಸುತ್ತಿದ್ದರು. ಕೋಲ್ಫ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆದರೆ ಅದು ಕೆಲವು ದಿನಗಳ ಮಟ್ಟಿನ ಚಿಕಿತ್ಸೆ. ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ಯಬೇಕಿತ್ತು. ನಾಳಗಳು ಮುಗಿದರೆ ಚಿಕಿತ್ಸೆಯೂ ಮುಗಿಯಿತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನಿನ ಸಣ್ಣ ಕೊಳವೆಯೊಂದನ್ನು ಕೈಯಲ್ಲಿ ಖಾಯಂ ಆಗಿ ಕೂರಿಸಿದರು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಆಮೇಲೆ ಹನ್ನೊಂದು ವರ್ಷ ಬದುಕಿದ. ಡಯಾಲಿಸಿಸ್ ಜೊತೆಗೆ ‘ಬಾಳುವುದು’ ಶುರುವಾದದ್ದು ಅವನಿಂದ. ಆಗ ಹೊಸ ಸಮಸ್ಯೆ ಬಂತು. ಮಷಿನ್ ಕಡಿಮೆ, ರೋಗಿಗಳು ಜಾಸ್ತಿ. ಯಾರಿಗೆ ಕೊಡುವುದೆಂದು ತೀರ್ಮಾನಿಸಲು ಊರಿನ ಏಳು ಜನರ ಸಮಿತಿ ಮಾಡಿದರು. ಮದುವೆ ಆಗಿದೆಯೇ, ಮಕ್ಕಳೆಷ್ಟು, ಉದ್ಯೋಗವೇನು, ಚರ್ಚಿಗೆ ಹೋಗುತ್ತಾರೆಯೇ ಎಂಬುದನ್ನೆಲ್ಲ ಅವರು ನೋಡುತ್ತಿದ್ದರು. 1962ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ಬರೆದ ಮೇಲೆ ಆ ದೇಶದಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮಲ್ಲಿ ಅಂಥ ಸಮಿತಿ ಯಾವತ್ತೂ ಇರಲಿಲ್ಲ. ಆ ಸಮಿತಿಯ ಕೆಲಸವನ್ನು ನಮ್ಮಲ್ಲಿ ಬಸ್ಸಿನ ವೇಳಾಪಟ್ಟಿ ಮಾಡುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಮ್ಮ ಕೈಗೆ ಮಾಡುವುದು ಫಿಸ್ಟುಲಾ ಆಪರೇಷನ್. 1966ರಲ್ಲಿ ಬಂದ ವಿಧಾನ ಇದು. ಮುಂಗೈಯ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಸೇರಿಸುತ್ತಾರೆ. ಒತ್ತಡದ ರಕ್ತ ನುಗ್ಗಿ ಕೆಲವು ವಾರಗಳಲ್ಲಿ ಆ ಅಭಿಧಮನಿ ದಪ್ಪವಾಗಿ ಉಬ್ಬುತ್ತದೆ. ಬೆರಳಿಟ್ಟರೆ ಜುಮ್ ಜುಮ್ ಅನ್ನುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ದೇವರ ಪಟ ನೋಡುವ ಮೊದಲು ನಾವು ಮುಟ್ಟಿ ನೋಡುವುದು ಅದನ್ನು. ಆ ಜುಮ್ ನಿಂತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಂಡಿ ತಿನ್ನುವ ಮೊದಲೇ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿ.ಪಿ. ನೋಡಿಸುವ ಹಾಗಿಲ್ಲ, ರಕ್ತ ತೆಗೆಸುವ ಹಾಗಿಲ್ಲ, ನೀರಿನ ಕೊಡ ಎತ್ತುವ ಹಾಗಿಲ್ಲ, ಅದರ ಮೇಲೆ ತಲೆಯಿಟ್ಟು ಮಲಗುವ ಹಾಗಿಲ್ಲ. ಬಳೆ ಹಾಕುವುದು ಹೇಗೆ ಎಂಬುದು ನಮ್ಮ ವಾರ್ಡಿನ ಹೆಂಗಸರ ಮೊದಲ ಪ್ರಶ್ನೆ. ಬಿಗಿ ಬಳೆ ಬೇಡ ಎಂದರೆ ಕೆಲವರ ಕಣ್ಣು ತುಂಬುತ್ತದೆ.

ವಾರ್ಡಿಗೆ ಹೋದ ಕೂಡಲೇ ತೂಕದ ಮಷಿನ್ ಮೇಲೆ ನಿಲ್ಲಿಸುತ್ತಾರೆ. ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕಕ್ಕೆ ಡ್ರೈ ವೇಯ್ಟ್ ಎನ್ನುತ್ತಾರೆ. ಅದರ ಮೇಲೆ ಬಂದದ್ದೆಲ್ಲ ನೀರು. ಅಲ್ಲಿನ ಟೆಕ್ನಿಷಿಯನ್ ಹುಡುಗಿ ಕೇಳುತ್ತಾಳೆ:

“ಸರ್, ಇವತ್ತೆಷ್ಟು ತಂದಿದೀರಾ?”

“ಎರಡೂಮುಕ್ಕಾಲು.”

“ಮದುವೆ ಊಟ ಆಯ್ತು ಅನ್ನಿ.”

ಅವಳ ಊಹೆ ತಪ್ಪುವುದು ಅಪರೂಪ. ಹಪ್ಪಳ, ಉಪ್ಪಿನಕಾಯಿ, ಎರಡನೇ ಸಲ ಹಾಕಿಸಿಕೊಂಡ ಸಾರು ಎಲ್ಲವೂ ತೂಕದ ಮಷಿನ್ನಿನಲ್ಲಿ ಕಾಣಿಸುತ್ತದೆ. ಇದರ ಲೆಕ್ಕ ಸರಳ. ಡ್ರಿಪ್ ಹಾಕುವ ಸಲೈನಿನ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿರುತ್ತದೆ. ಅಂದರೆ ಹೆಚ್ಚುಕಡಿಮೆ ಅಷ್ಟು ಉಪ್ಪು ಒಳಗೆ ಹೋದರೆ ಬಾಯಾರಿಸಿ, ಒಂದು ಲೀಟರ್ ನೀರನ್ನು ಕುಡಿಸಿ, ಅದನ್ನು ಮೈಯಲ್ಲೇ ಹಿಡಿದಿಡುತ್ತದೆ. ಹಾಗಾಗಿ ನೀರಿನ ಮೇಲೆ ಹಿಡಿತ ಬೇಕೆನ್ನುವವರು ನೀರಿನ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಉಪ್ಪಿನ ಡಬ್ಬಿಯ ಹತ್ತಿರ ಹೋಗಬೇಕು.

ತಂದ ನೀರನ್ನು ಆ ನಾಲ್ಕು ಗಂಟೆಯಲ್ಲೇ ತೆಗೆಯಬೇಕಲ್ಲ, ಏರಿಳಿತ ಅಲ್ಲಿಂದ ಶುರು. 60 ಕೆ.ಜಿ.ಯವರಿಂದ ಒಂದೇ ಸಲಕ್ಕೆ 3 ಲೀಟರಿಗಿಂತ ಹೆಚ್ಚು ಎಳೆದರೆ ಹೃದಯಕ್ಕೆ ಶ್ರಮ. ಮೊದಲೆರಡು ಗಂಟೆ ಸುಮ್ಮನೆ ಮಲಗಿರುತ್ತೇವೆ. ಯಾರೋ ಮೊಬೈಲಿನಲ್ಲಿ ಹಳೆಯ ರಾಜ್‌ಕುಮಾರ್ ಸಿನಿಮಾ ಹಾಕಿರುತ್ತಾರೆ. ಮೂರನೆಯ ಗಂಟೆಯಲ್ಲಿ ಆಕಳಿಕೆ ಬರುತ್ತದೆ. ಈ ಆಕಳಿಕೆ ನಿದ್ದೆಯದಲ್ಲ, ಬಿ.ಪಿ. ಇಳಿಯುತ್ತಿದೆ ಎಂಬುದರ ಮುನ್ಸೂಚನೆ. ಹಿಂದೆಯೇ ಹಣೆಯಲ್ಲಿ ತಣ್ಣನೆಯ ಬೆವರು. ಕೆಲವೊಮ್ಮೆ ಮೀನಖಂಡ ಗಂಟುಕಟ್ಟಿ ಹಿಡಿದುಕೊಳ್ಳುತ್ತದೆ, ಗಟ್ಟಿಯಾಗಿ ಕೂಗಿಬಿಡುವಷ್ಟು. ಟೆಕ್ನಿಷಿಯನ್ ಓಡಿ ಬಂದು ಕಾಲಿನ ಬೆರಳುಗಳನ್ನು ಹಿಂದಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಎಳೆಯುವುದನ್ನು ನಿಲ್ಲಿಸಿ, ಸ್ವಲ್ಪ ಸಲೈನ್ ಬಿಡುತ್ತಾಳೆ. ಕರೆಂಟು ಹೋದರೂ ಭಯವಿಲ್ಲ. ಮಷಿನ್ನಿನ ಬ್ಯಾಟರಿ ಸ್ವಲ್ಪ ಹೊತ್ತು ಪಂಪು ನಡೆಸುತ್ತದೆ. ಅದೂ ನಿಂತರೆ ಹಿಡಿಕೆ ಹಾಕಿ ಕೈಯಲ್ಲೇ ತಿರುಗಿಸಿ ರಕ್ತವನ್ನು ಮೈಗೆ ವಾಪಸು ಕಳಿಸುತ್ತಾರೆ. ನನ್ನ ಭಯ ನೀರಿನದು. ನಿಮಿಷಕ್ಕೆ ಅರ್ಧ ಲೀಟರಿನಂತೆ ಒಂದು ಡಯಾಲಿಸಿಸ್‌ಗೆ 120 ಲೀಟರ್ ನೀರು ನಮ್ಮ ರಕ್ತದ ಪಕ್ಕದಲ್ಲಿ, ಒಂದು ಪೊರೆಯ ಅಂತರದಲ್ಲಿ ಹರಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಊರುಗಳಲ್ಲಿ ನೀರು ಶುದ್ಧ ಮಾಡುವ ಆರ್.ಓ. ಘಟಕ ಕೆಟ್ಟರೆ ಮಷಿನ್‌ಗಳೆಲ್ಲ ಸರಿಯಿದ್ದೂ ವಾರ್ಡು ಮುಚ್ಚುತ್ತದೆ. ಶಾಸಕರು ಬಂದು ಹೊಸ ಮಷಿನ್ ಉದ್ಘಾಟಿಸುವಾಗ ಆ ಘಟಕವಿರುವ ಹಿಂದಿನ ಕೋಣೆಗೂ ಒಂದು ಸಲ ಹೋಗಿ ಬಂದರೆ ಒಳ್ಳೆಯದು.

ಮುಗಿಸಿ ಮನೆಗೆ ಬಂದ ದಿನ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಊಟ ಮಾಡಿ ಮಲಗಿದರೆ ಸಂಜೆಗೆ ಎಚ್ಚರ. ಮರುದಿನ ಬೆಳಿಗ್ಗೆ ಇರುತ್ತದಲ್ಲ, ಅದು ನಮ್ಮ ದಿನ. ತಲೆ ಹಗುರ, ಬಾಯಿಗೆ ರುಚಿ, ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಪತ್ರಿಕೆಗೆ ಬರೆಯುವುದು, ಬ್ಯಾಂಕಿಗೆ ಹೋಗುವುದು, ಯಾರ ಮೇಲಾದರೂ ಸಿಟ್ಟು ಮಾಡುವುದು, ಎಲ್ಲವನ್ನೂ ನಾನು ಆ ದಿನಕ್ಕೇ ಇಟ್ಟುಕೊಳ್ಳುತ್ತೇನೆ. ಇವತ್ತಿನ ಉಪನ್ಯಾಸವನ್ನೂ ಹಾಗೇ ಕೇಳಿ ಹಾಕಿಸಿಕೊಂಡೆ. ವಾರದಲ್ಲಿ ಒಂದು ಸಲ ಮಾತ್ರ ಎರಡು ದಿನದ ಬಿಡುವು ಬರುತ್ತದೆ. ಸೋಮ-ಬುಧ-ಶುಕ್ರದವರಿಗೆ ಶನಿವಾರ, ಭಾನುವಾರ. ಮಂಗಳ-ಗುರು-ಶನಿಯವರಿಗೆ ಭಾನುವಾರ, ಸೋಮವಾರ. ನೆಂಟರೆಲ್ಲ ‘ಎರಡು ದಿನ ರಜೆ, ಆರಾಮ’ ಎನ್ನುತ್ತಾರೆ. ನಿಜವಾಗಿ ನಮಗೆ ಅಪಾಯ ಇರುವುದು ಅಲ್ಲೇ. ಈ ದೀರ್ಘ ಅಂತರ ಮುಗಿಯುವ ದಿನ ಸಾವು, ಹೃದಯಾಘಾತ, ಆಸ್ಪತ್ರೆ ಸೇರುವುದು ಬೇರೆ ದಿನಗಳಿಗಿಂತ ಹೆಚ್ಚು ಎಂದು ಅಮೆರಿಕದ ದೊಡ್ಡದೊಂದು ಅಧ್ಯಯನ 2011ರಲ್ಲಿ ತೋರಿಸಿದೆ. ಮದುವೆ, ಗೃಹಪ್ರವೇಶ ಎಲ್ಲ ಬೀಳುವುದು ಭಾನುವಾರವೇ ಎಂಬುದು ಇದಕ್ಕೆ ಒಗ್ಗರಣೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ದುಡ್ಡಿಲ್ಲದೆ, ಕರೆದುಕೊಂಡು ಬರುವವರಿಲ್ಲದೆ ವಾರಕ್ಕೆ ಎರಡೇ ಸಲ ಬರುವವರು ಬಹಳ. ಅವರ ಪಾಲಿಗೆ ಪ್ರತಿ ಅಂತರವೂ ದೀರ್ಘ ಅಂತರವೇ.

ಇನ್ನು ಅಡುಗೆಮನೆ. ನಮ್ಮ ನಾಡಿನಲ್ಲಿ ರೋಗಿಯನ್ನು ನೋಡಲು ಬರುವವರು ತರುವುದು ಏನು? ಬಾಳೆಹಣ್ಣು, ಮೂಸಂಬಿ, ಎಳನೀರು. ಮೂರರಲ್ಲೂ ಪೊಟ್ಯಾಸಿಯಂ. ಮೂತ್ರಪಿಂಡ ಕೆಲಸ ಮಾಡದಾಗ ಅದು ರಕ್ತದಲ್ಲಿ ಏರಿ, ಯಾವ ಮುನ್ಸೂಚನೆಯನ್ನೂ ಕೊಡದೆ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಆಸ್ಪತ್ರೆಯ ಗೇಟಿನ ಮುಂದೆಯೇ ಎಳನೀರಿನ ಗಾಡಿ ನಿಂತಿರುತ್ತದೆ. ಅವನ ತಪ್ಪೇನಿಲ್ಲ, ಬೇರೆ ಅನೇಕ ರೋಗಿಗಳಿಗೆ ಅದು ಒಳ್ಳೆಯದೇ. ಕರಾವಳಿಯವರು ಧಾರೆಹುಳಿ ಎನ್ನುವ ನಕ್ಷತ್ರದಾಕಾರದ ಹಣ್ಣಂತೂ ನಮಗೆ ವಿಷ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ. ಬಿ.ಪಿ.ಯವರಿಗೆಂದು ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ಒಳ್ಳೆಯದೆಂದು ತಂದುಕೊಳ್ಳುವವರಿದ್ದಾರೆ. ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಂ. ಪೊಟ್ಟಣದ ಹಿಂಬದಿಯನ್ನು ದಯವಿಟ್ಟು ಓದಿ.

ನನ್ನ ಹೆಂಡತಿ ತರಕಾರಿಯನ್ನು ಸಣ್ಣಗೆ ಹೆಚ್ಚಿ, ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ಬೇರೆ ನೀರಿನಲ್ಲಿ ಬೇಯಿಸಿ, ಅದನ್ನೂ ಬಸಿಯುತ್ತಾಳೆ. ಬಸ್ಸಾರು ಮಾಡುವ ನಾಡಿನವರಿಗೆ ಬಸಿದ ನೀರನ್ನು ಚೆಲ್ಲುವುದು ಎಷ್ಟು ಸಂಕಟವೋ ಯೋಚಿಸಿ. ಡಯಾಲಿಸಿಸ್‌ಗೆ ಮೊದಲು ವೈದ್ಯರು ಬೇಳೆ ಕಡಿಮೆ ಮಾಡಿ, ಪ್ರೋಟೀನ್ ಕಡಿಮೆ ಮಾಡಿ ಎಂದಿದ್ದರು. ಶುರುವಾದ ಮೇಲೆ ಅದೇ ವೈದ್ಯರು ಜಾಸ್ತಿ ತಿನ್ನಿ, ಮೊಟ್ಟೆಯ ಬಿಳಿ ತಿನ್ನಿ ಎಂದರು. ಎರಡೂ ಸರಿಯೇ. ಮೊದಲು ಮೂತ್ರಪಿಂಡದ ಹೊರೆ ಇಳಿಸಬೇಕಿತ್ತು, ಈಗ ಮಷಿನ್ ಎಳೆದುಕೊಳ್ಳುವುದನ್ನು ತುಂಬಿಕೊಡಬೇಕು. ಇದನ್ನು ಯಾರೂ ಬಿಡಿಸಿ ಹೇಳದೆ ಹೋದರೆ, ಮನೆಯ ಹೆಂಗಸರು ಹಳೆಯ ಪಟ್ಟಿಯನ್ನೇ ಹಿಡಿದು ರೋಗಿಯನ್ನು ಸೊರಗಿಸುತ್ತಾರೆ. ಕುಡಿಯುವ ನೀರು ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದಿಡುವುದು. ಕಾಫಿ, ಮಜ್ಜಿಗೆ, ಸಾರು ಯಾವುದು ಕುಡಿದರೂ ಅಷ್ಟನ್ನು ಆ ಬಾಟಲಿಯಿಂದ ಚೆಲ್ಲುವುದು. ಕರ್ನಾಟಕದ ಹೋಟೆಲುಗಳಲ್ಲಿ ಬೈಟೂ ಕಾಫಿ ಎಂಬ ಪದ್ಧತಿ ಇರುವುದು ನಮ್ಮಂಥವರ ಪುಣ್ಯ.

ಮನಸ್ಸಿನ ಏರಿಳಿತಕ್ಕೆ ಇಷ್ಟು ನಿಖರವಾದ ಲೆಕ್ಕವಿಲ್ಲ. ಪಕ್ಕದ ಹಾಸಿಗೆಯವರು ಒಂದು ದಿನ ಬರುವುದಿಲ್ಲ. ನಾವೂ ಕೇಳುವುದಿಲ್ಲ, ಸಿಬ್ಬಂದಿಯೂ ಹೇಳುವುದಿಲ್ಲ, ಮುಂದಿನ ವಾರ ಆ ಹಾಸಿಗೆಗೆ ಬೇರೆಯವರು ಬರುತ್ತಾರೆ. ‘ಇಷ್ಟೆಲ್ಲ ಯಾಕೆ’ ಎಂಬ ಯೋಚನೆ ನಮ್ಮಲ್ಲಿ ಬಾರದವರಿಲ್ಲ. ಅಂಥ ದಿನಗಳಲ್ಲಿ ನಾನು ಜಯಪ್ರಕಾಶ ನಾರಾಯಣರನ್ನು ನೆನೆಯುತ್ತೇನೆ. ತುರ್ತು ಪರಿಸ್ಥಿತಿಯಲ್ಲಿ ಚಂಡೀಗಢದಲ್ಲಿ ಬಂಧನದಲ್ಲಿದ್ದಾಗ ಅವರ ಮೂತ್ರಪಿಂಡಗಳು ಕೆಟ್ಟವು. 1975ರ ನವೆಂಬರಿನಲ್ಲಿ ಬಿಡುಗಡೆಯಾದ ಮೇಲೆ ಮುಂಬಯಿಯ ಜಸ್ಲೋಕ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. 1977ರ ಚುನಾವಣೆ, ಜನತಾ ಪಕ್ಷ ಕಟ್ಟಿದ್ದು, ಮೊರಾರ್ಜಿ ದೇಸಾಯಿಯವರ ಆಯ್ಕೆ, ರಾಜಘಾಟಿನಲ್ಲಿ ಹೊಸ ಸಂಸದರಿಂದ ಪ್ರತಿಜ್ಞೆ ಮಾಡಿಸಿದ್ದು ಎಲ್ಲವೂ ಆದದ್ದು ಅವರ ಎರಡು ಡಯಾಲಿಸಿಸ್‌ಗಳ ನಡುವೆ. 1979ರ ಅಕ್ಟೋಬರಿನವರೆಗೆ ಅವರು ಬದುಕಿದ್ದರು. ಆ ಕಾಲದ ಮಷಿನ್‌ಗಳಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ! ಅವರ ರಾಜಕೀಯವನ್ನು ನೀವು ಒಪ್ಪಿ, ಬಿಡಿ. ಆ ದಿನಗಳನ್ನು ಅವರು ಬಳಸಿಕೊಂಡ ರೀತಿಯನ್ನು ನಾನಂತೂ ಒಪ್ಪಿದ್ದೇನೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಬಿಡಬೇಕು. ‘ಒಂದು ಸಲ ಡಯಾಲಿಸಿಸ್ ಶುರು ಮಾಡಿದರೆ ಬಿಡಲಿಕ್ಕಾಗುವುದಿಲ್ಲ, ಅದಕ್ಕೇ ಬೇಡ’ ಎನ್ನುತ್ತಾರೆ. ಇಲಿಜ್ವರ, ಹಾವಿನ ಕಡಿತ, ವಾಂತಿಭೇದಿಯಿಂದ ಮೂತ್ರಪಿಂಡ ಥಟ್ಟನೆ ನಿಂತವರು ಕೆಲವು ಸಲ ಡಯಾಲಿಸಿಸ್ ಮಾಡಿಸಿಕೊಂಡು, ಮೂತ್ರಪಿಂಡ ಚೇತರಿಸಿದ ಮೇಲೆ ಆರಾಮಾಗಿ ಬಿಟ್ಟು ಹೋಗುತ್ತಾರೆ. ಬಿಡಲಾಗದವರು ನಾವು, ಸಕ್ಕರೆ ಕಾಯಿಲೆಯಿಂದಲೋ ಬಿ.ಪಿ.ಯಿಂದಲೋ ವರ್ಷಗಟ್ಟಲೆ ಸವೆದು ಕೆಟ್ಟವರು. ಕಟ್ಟಿಹಾಕಿರುವುದು ಕಾಯಿಲೆ, ಮಷಿನ್ ಅಲ್ಲ. ನಾಟಿ ಔಷಧ ನಂಬಿ ತಿಂಗಳುಗಟ್ಟಲೆ ತಡಮಾಡಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಮಧ್ಯರಾತ್ರಿ ಬರುವವರನ್ನು ನೋಡಿದ್ದೇನೆ. ಅವರಿಗೆ ಫಿಸ್ಟುಲಾ ಮಾಡಲೂ ಸಮಯವಿರುವುದಿಲ್ಲ, ಕುತ್ತಿಗೆಗೆ ನಳಿಕೆ ಹಾಕಬೇಕಾಗುತ್ತದೆ, ಅದರಿಂದ ಸೋಂಕು.

ಕಸಿ ಮಾಡಿಸಿಕೊಳ್ಳಬಹುದಲ್ಲ ಎಂದು ಕೇಳುತ್ತೀರಿ. ಆಗುವವರಿಗೆ ಅದೇ ಒಳ್ಳೆಯದು. ವೆಲ್ಲೂರಿನಲ್ಲಿ 1971ರಲ್ಲೇ ಜೀವಂತ ದಾನಿಯಿಂದ ಕಸಿ ಯಶಸ್ವಿಯಾಯಿತು. ಅಂಗಾಂಗ ಮಾರಾಟ ತಡೆಯುವ ಕಾನೂನು 1994ರಲ್ಲಿ ಬಂತು. ಆದರೆ ದೇಶದಲ್ಲಿ ಬದುಕಿರುವಾಗ ಮೂತ್ರಪಿಂಡ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ತಾಯಿ ಕೊಡುತ್ತಾಳೆ, ಹೆಂಡತಿ ಕೊಡುತ್ತಾಳೆ. ಹೆಂಡತಿಗೆ ಕಾಯಿಲೆ ಬಂದಾಗ ಮನೆಯಲ್ಲಿ ಮೌನ. ಹೀಗಾಗಿ ಮೆದುಳು ನಿಷ್ಕ್ರಿಯವಾದವರಿಂದ ಅಂಗದಾನ ಹೆಚ್ಚಬೇಕು. ಅದಕ್ಕೆ ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ ಇದೆ. ಹೆಸರು ನೋಂದಾಯಿಸಿದರಷ್ಟೇ ಸಾಲದು, ಮನೆಯವರಿಗೂ ಹೇಳಿಡಿ. ಆ ಹೊತ್ತಿನಲ್ಲಿ ವೈದ್ಯರು ಕೇಳುವುದು ಅವರನ್ನೇ.

ಈಗ ಬಸ್ಸಿನ ವೇಳಾಪಟ್ಟಿಗೆ ಬರೋಣ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಜಿಲ್ಲಾ ಆಸ್ಪತ್ರೆ ದಾಟಿ ತಾಲ್ಲೂಕು ಆಸ್ಪತ್ರೆಗಳಿಗೂ ಮಷಿನ್‌ಗಳು ಬಂದಿವೆ. ಇದು ಸಣ್ಣ ಸಾಧನೆಯಲ್ಲ. ಹಿಂದೆ ಇದಕ್ಕಾಗಿ ಜಮೀನು ಮಾರಿ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಬೇಕಿತ್ತು. ಈಗ ಮಷಿನ್ ತನಕ ಯಾರು ತಲುಪುತ್ತಾರೆಂದು ತೀರ್ಮಾನಿಸುವುದು ಬಸ್ಸು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಿಟ್ಟಿ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ವಾರ್ಡಿನ ಹೆಂಗಸರು ಡಯಾಲಿಸಿಸ್ ತಪ್ಪಿಸುವುದು ಕಡಿಮೆಯಾಗಿದೆ. ಆ ಯೋಜನೆಯನ್ನು ಗೇಲಿ ಮಾಡುವವರು ಒಂದು ದಿನ ನಮ್ಮ ವಾರ್ಡಿಗೆ ಬರಲಿ. ಚಿಕಿತ್ಸೆ ಬಿಟ್ಟಿ, ಸರಿ. ಆದರೆ ಇಂಜೆಕ್ಷನ್ ಕೆಲವು ಸಲ ಹೊರಗಿನಿಂದ ತರಬೇಕು, ಜೊತೆಗೆ ಬರುವ ಗಂಡಸಿನ ಆ ದಿನದ ಕೂಲಿ ಹೋಗುತ್ತದೆ. ಹೊರಗುತ್ತಿಗೆಯ ಟೆಕ್ನಿಷಿಯನ್‌ಗಳಿಗೆ ತಿಂಗಳುಗಟ್ಟಲೆ ಸಂಬಳ ಬಾರದೆ ಅವರು ಮುಷ್ಕರ ಹೂಡಿದ್ದನ್ನೂ ನೋಡಿದ್ದೇವೆ. ಅವರು ಕೆಲಸ ನಿಲ್ಲಿಸಿದರೆ ನಮ್ಮ ಪ್ರಾಣಕ್ಕೆ ಬರುತ್ತದೆ ನಿಜ. ಆದರೂ ನಾವು ಯಾರೂ ಅವರ ಮೇಲೆ ಸಿಟ್ಟಾಗಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಹಿಮೋಫಿಲಿಯಾ, ತಲಸೇಮಿಯಾ, ಸಿಕಲ್ ಸೆಲ್ ಕಾಯಿಲೆಗಳು ಸೇರಿವೆ. ಸರಿಯಾದದ್ದೇ. ಮೂತ್ರಪಿಂಡ ವೈಫಲ್ಯ ಸೇರಿಲ್ಲ. ಹಾಗಾಗಿ ಡಯಾಲಿಸಿಸ್‌ನಲ್ಲಿರುವ ಯುವಕನಿಗೆ ಅಂಗವಿಕಲರ ಮೀಸಲಾತಿಯೂ ಇಲ್ಲ, ಅಂಗವಿಕಲರ ಪಿಂಚಣಿಯೂ ಇಲ್ಲ. ನಮ್ಮ ವಾರ್ಡಿನಲ್ಲಿ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದ ಹುಡುಗನೊಬ್ಬ ಇದ್ದಾನೆ. ಬಿಡುವಿನ ದಿನಗಳಲ್ಲಿ ಬೇರೆಯವರಷ್ಟೇ ಚೆನ್ನಾಗಿ ಹೊಲಿಯುತ್ತಾನೆ. “ವಾರಕ್ಕೆ ಮೂರು ದಿನ ರಜೆ ಕೊಡೋ ಫ್ಯಾಕ್ಟರಿ ಎಲ್ಲಿದೆ ಹೇಳಿ ಮೇಷ್ಟ್ರೇ, ನಾಳೆನೇ ಹೋಗ್ತೀನಿ” ಎನ್ನುತ್ತಾನೆ. ಅವನ ಕೆಲಸ ಹೋದದ್ದು ಕಾಯಿಲೆಯಿಂದಲ್ಲ, ನಮ್ಮ ಡಯಾಲಿಸಿಸ್ ಕೇಂದ್ರದ ಸಮಯದಿಂದ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ಎರಡೂ ದುಡಿಯುವ ಹೊತ್ತು. ಸಂಜೆಯ ಮೇಲೆ ಮಷಿನ್‌ಗಳು ಸುಮ್ಮನೆ ನಿಂತಿರುತ್ತವೆ.

ಈ ಸಭೆಯಲ್ಲಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯವರಿದ್ದಾರೆ, ಪುರಸಭೆಯ ಸದಸ್ಯರಿದ್ದಾರೆ, ಪತ್ರಕರ್ತರಿದ್ದಾರೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ಮೂರನೆಯ ಪಾಳಿ ಶುರು ಮಾಡಿಸಿ. ಅದಕ್ಕೆ ಬೇಕಾದದ್ದು ಇಬ್ಬರು ಹೆಚ್ಚುವರಿ ಟೆಕ್ನಿಷಿಯನ್‌ಗಳು, ಅವರಿಗೆ ತಿಂಗಳು ತಿಂಗಳು ಸರಿಯಾಗಿ ಸಂಬಳ, ಒಬ್ಬ ನರ್ಸು, ರಾತ್ರಿ ಹತ್ತೂವರೆಗೆ ಹಳ್ಳಿಗಳ ಕಡೆ ಹೊರಡುವ ಒಂದು ಬಸ್ಸು. ಹೊಸ ಮಷಿನ್ ಬೇಡ, ಕಟ್ಟಡ ಬೇಡ. ಅರ್ಜಿ ಬರೆದುಕೊಡುವ ಕೆಲಸ ನನ್ನದು; ಡಯಾಲಿಸಿಸ್ ಇಲ್ಲದ ದಿನ ಬನ್ನಿ, ಸಹಿ ಹಾಕಿ.